ನಿಮಗಿದು ಗೊತ್ತೇ? 82ನೇ ನಿಮಿಷಕ್ಕೆ ಬಂತು, 83ಕ್ಕೆ ಹೋಯಿತು

ಫಿಫಾ ನಡೆಸುವ ವಿಶ್ವಕಪ್ ಒಂದರಲ್ಲಿ ಭಾರತದ ಮೊತ್ತಮೊದಲ ಗೋಲು ಬಂದದ್ದು 2017ರ ಅಕ್ಟೋಬರ್ 9ರಂದು, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ. ಟೂರ್ನಿ 17 ವರ್ಷದೊಳಗಿನವರದು, ಎದುರಾಳಿ ಕೊಲಂಬಿಯಾ. ಮಣಿಪುರದ ಜೀಕ್ಸನ್ ಸಿಂಗ್ 82ನೇ ನಿಮಿಷದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಜಿಗಿದು ಚೆಂಡನ್ನು ತಲೆಯಿಂದಲೇ ಬಲೆಗೆ ತಳ್ಳಿದ. 1–1. ಕ್ರೀಡಾಂಗಣದ ಕೂಗು ಇಳಿಯುವ ಮೊದಲೇ, 83ನೇ ನಿಮಿಷದಲ್ಲಿ, ಕೊಲಂಬಿಯಾದ ಹುವಾನ್ ಪೆನ್ಯಾಲೋಸಾ ತನ್ನ ಎರಡನೇ ಗೋಲು ಹೊಡೆದ. 2–1. ಪಂದ್ಯ ಮುಗಿದಾಗಲೂ ಅದೇ ಅಂಕೆ. ನಮ್ಮ ಹುಡುಗರು ಸಂಭ್ರಮದಿಂದ ಇನ್ನೂ ತಮ್ಮ ಜಾಗಗಳಿಗೆ ಮರಳಿರಲಿಲ್ಲವೇನೋ ಎಂಬಂತಿತ್ತು ಆ ಗೋಲು. ಗೋಲು ಹೊಡೆದ ಮೇಲಿನ ಮೊದಲ ಐದು ನಿಮಿಷವೇ ಅಪಾಯದ ಹೊತ್ತು ಎಂದು ಫುಟ್‌ಬಾಲ್ ಕಲಿಸುವವರು ಮೊದಲ ದಿನವೇ ಹೇಳಿಕೊಡುತ್ತಾರೆ. ಹೇಳಿಕೊಡುವುದು ಬೇರೆ, 48 ಸಾವಿರ ಜನ ಕಿರುಚುತ್ತಿರುವಾಗ ಅದನ್ನು ನೆನಪಿಟ್ಟುಕೊಳ್ಳುವುದು ಬೇರೆ.

ಜೀಕ್ಸನ್‌ನ ಗೋಲಿನ ಅರ್ಧ ಪಾಲು ಬೆಂಗಳೂರಿನದು. ಕಾರ್ನರ್ ಕಿಕ್ ಒದ್ದು ಚೆಂಡನ್ನು ಜೀಕ್ಸನ್‌ನ ತಲೆಗೆ ತಲುಪಿಸಿದ ಸಂಜೀವ್ ಸ್ಟಾಲಿನ್ ಬೆಂಗಳೂರಿನಲ್ಲಿ ಹುಟ್ಟಿದವನು. ಆಟದಲ್ಲಿ ಪಳಗಿದ್ದು ಮಾತ್ರ ದೂರದ ಚಂಡೀಗಡದ ಅಕಾಡೆಮಿಯಲ್ಲಿ. 21 ಮಂದಿಯ ತಂಡದಲ್ಲಿ ಕರ್ನಾಟಕದ ಇನ್ನೊಬ್ಬ ಹುಡುಗನೂ ಇದ್ದ, ಡಿಫೆಂಡರ್ ಹೆಂಡ್ರಿ ಆಂಟೊನೇ. ಆದರೆ ವಿಶ್ವಕಪ್ ನಡೆದ ಆರು ಊರುಗಳ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ದೆಹಲಿ, ಕೋಲ್ಕತ್ತ, ಗುವಾಹಟಿ, ನವಿ ಮುಂಬೈ, ಗೋವಾದ ಮಡಗಾಂವ್ ಮತ್ತು ಕೊಚ್ಚಿ, ಇಷ್ಟೇ.

ಇನ್ನೂ ಹಿಂದಕ್ಕೆ ಹೋದರೆ ಒಂದು ವಿಚಿತ್ರ ಹೊಂದಾಣಿಕೆ ಸಿಗುತ್ತದೆ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದವರೂ ಬೆಂಗಳೂರಿನವರೇ, ಸಾರಂಗಪಾಣಿ ರಾಮನ್. 1948ರ ಲಂಡನ್ ಕ್ರೀಡಾಕೂಟ, ಎದುರಾಳಿ ಫ್ರಾನ್ಸ್, ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲಿನಲ್ಲಿದ್ದರು. 70ನೇ ನಿಮಿಷದಲ್ಲಿ ರಾಮನ್ ಸ್ಕೋರನ್ನು 1–1 ಮಾಡಿದರು. ಸಿಕ್ಕಿದ ಎರಡು ಪೆನಾಲ್ಟಿಗಳು ಕೈತಪ್ಪಿದವು. ಇನ್ನೇನು ಸಮಯ ಮುಗಿಯುತ್ತದೆ ಎನ್ನುವಾಗ ಫ್ರಾನ್ಸ್ ಗೋಲು ಹೊಡೆದು 2–1ರಲ್ಲಿ ಗೆದ್ದಿತು. ಎರಡು ‘ಮೊದಲ ಗೋಲು’ಗಳು, ಎರಡರಲ್ಲೂ ಬೆಂಗಳೂರಿನ ಕಾಲು, ಎರಡೂ ಸಮಬಲ ತಂದವು, ಎರಡೂ ಕಡೆ ಕೊನೆಗೆ 1–2ರ ಸೋಲು. ನಡುವೆ 69 ವರ್ಷ.

1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತ ಅರ್ಹತೆ ಪಡೆದಿತ್ತು. ಗುಂಪಿನ ಉಳಿದ ತಂಡಗಳೆಲ್ಲ ಹಿಂದೆ ಸರಿದಿದ್ದರಿಂದ ಒಂದೂ ಪಂದ್ಯ ಆಡದೆ ಸಿಕ್ಕ ಅರ್ಹತೆ ಅದು. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬ ಕಥೆ ಇಂದಿಗೂ ರಸಪ್ರಶ್ನೆಗಳಲ್ಲಿ ಓಡಾಡುತ್ತಿದೆ. ಅಂದಿನ ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ತಳ್ಳಿಹಾಕಿದ್ದರು. ನಮ್ಮ ಆಡಳಿತಗಾರರಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಂಡಿರಲಿಲ್ಲ ಎಂಬುದೇ ಹೆಚ್ಚು ನಂಬಬಹುದಾದ ಕಾರಣ. ಹೀಗಾಗಿ ಭಾರತ ಫಿಫಾ ವಿಶ್ವಕಪ್ ಅಂಗಳಕ್ಕೆ ಕಾಲಿಡಲು 2017 ಬರಬೇಕಾಯಿತು. ಅದೂ ಗೆದ್ದು ಪಡೆದ ಜಾಗವಲ್ಲ, ಆತಿಥೇಯರಿಗೆ ತಾನಾಗಿ ಸಿಗುವ ಜಾಗ.

ಅಂಕಪಟ್ಟಿ ಹೀಗಿತ್ತು: ಅಮೆರಿಕ ವಿರುದ್ಧ 0–3, ಕೊಲಂಬಿಯಾ ವಿರುದ್ಧ 1–2, ಘಾನಾ ವಿರುದ್ಧ 0–4. ಹೊಡೆದದ್ದು 1, ಬಿಟ್ಟುಕೊಟ್ಟದ್ದು 9, ಅಂಕ ಸೊನ್ನೆ. ಉಳಿದ ಮೂರೂ ತಂಡಗಳು ತಲಾ 6 ಅಂಕ ಗಳಿಸಿ ಮೂರೂ ನಾಕೌಟ್‌ಗೆ ಹೋದವು. ಅಂದರೆ ಆ ಗುಂಪಿನಲ್ಲಿ ಎಲ್ಲರೂ ಎಲ್ಲರ ಮೇಲೂ ಗೆಲ್ಲಬಹುದಾಗಿತ್ತು, ನಮ್ಮನ್ನು ಹೊರತುಪಡಿಸಿ.

ಅಮೆರಿಕ ವಿರುದ್ಧದ 0–3 ನೋಡಲು ಏಕಪಕ್ಷೀಯ. ಆದರೆ ಅಂದು ಮೈದಾನದಲ್ಲಿ ನಡೆದದ್ದು ಬೇರೆ. ಜೋಶ್ ಸಾರ್ಜೆಂಟ್ 30ನೇ ನಿಮಿಷದಲ್ಲಿ ಪೆನಾಲ್ಟಿಯಿಂದ, ಕ್ರಿಸ್ ಡರ್ಕಿನ್ ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಇನ್ನೊಂದು ಗೋಲು ಹೊಡೆದಿದ್ದರು. 0–2 ಇದ್ದಾಗ ಅನ್ವರ್ ಅಲಿ ಒದ್ದ ಚೆಂಡು ಕ್ರಾಸ್‌ಬಾರ್‌ಗೆ ಬಡಿಯಿತು. ಮರುಕ್ಷಣವೇ ಅಮೆರಿಕನ್ನರ ಪ್ರತಿದಾಳಿ. ನಮ್ಮ ಅರ್ಧದಲ್ಲಿ ತಡೆಯುವವರು ಯಾರೂ ಇರಲಿಲ್ಲ, ಆಂಡ್ರ್ಯೂ ಕಾರ್ಲ್‌ಟನ್ ಓಡಿಬಂದು 84ನೇ ನಿಮಿಷದಲ್ಲಿ ಮೂರನೆಯದನ್ನು ಹೊಡೆದ. ಚೆಂಡು ಒಂದು ಗೇಣು ಕೆಳಗಿದ್ದಿದ್ದರೆ 1–2 ಆಗಬೇಕಿದ್ದದ್ದು ಕೆಲವೇ ಸೆಕೆಂಡುಗಳಲ್ಲಿ 0–3 ಆಯಿತು.

ಕೊಲಂಬಿಯಾ ವಿರುದ್ಧವೂ ಹಾಗೇ. ಮೊದಲಾರ್ಧ ಮುಗಿಯುವ ಹೊತ್ತಿಗೆ ಕೇರಳದ ರಾಹುಲ್ ಕಣ್ಣೋಳಿ ಒದ್ದ ಚೆಂಡು ಗೋಲುಕಂಬಕ್ಕೆ ತಾಗಿ ಹಿಂದಿರುಗಿತ್ತು. ‘ಅದೃಷ್ಟ ಕೆಟ್ಟಿತ್ತು’ ಎಂದು ಬರೆದವರು ಬಹಳ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಮೂರು ಪಂದ್ಯಗಳಲ್ಲೂ ನಮ್ಮ ಗೋಲ್‌ಕೀಪರ್ ಧೀರಜ್ ಸಿಂಗ್ ತಡೆದದ್ದನ್ನು ಲೆಕ್ಕ ಹಾಕಿದರೆ ಅದೃಷ್ಟ ನಮ್ಮ ಕಡೆಗೂ ಬೇಕಾದಷ್ಟಿತ್ತು. ಒಂಬತ್ತು ಗೋಲು ಬಿಟ್ಟುಕೊಟ್ಟೂ ಒಬ್ಬ ಗೋಲ್‌ಕೀಪರ್ ತಂಡದ ಅತಿ ದೊಡ್ಡ ಹೆಸರಾಗಿ ಹೊರಬಂದನೆಂದರೆ ಅವನ ಮುಂದಿನ ಡಿಫೆನ್ಸ್ ಎಷ್ಟು ಕೆಲಸ ಕೊಟ್ಟಿತ್ತೆಂದು ಊಹಿಸಿಕೊಳ್ಳಿ.

ಜೀಕ್ಸನ್ ಮೊದಲ ಪಂದ್ಯದ ಹನ್ನೊಂದರ ಬಳಗದಲ್ಲಿ ಇರಲೇ ಇಲ್ಲ! ಅಷ್ಟೇ ಅಲ್ಲ, ವಿಶ್ವಕಪ್ ತಂಡಕ್ಕೆ ಅವನು ಬಂದದ್ದೂ ತಡವಾಗಿ. ಅವನು ಆಗ ಮಿನರ್ವಾ ಅಕಾಡೆಮಿಯ ಹುಡುಗ. ವಿಶ್ವಕಪ್‌ಗೆಂದು ವರ್ಷಗಟ್ಟಲೆ ಸಾಕಿ ಬೆಳೆಸಿದ ತಂಡವನ್ನೇ ಮಿನರ್ವಾ ಹುಡುಗರು ಅಭ್ಯಾಸ ಪಂದ್ಯದಲ್ಲಿ ಸೋಲಿಸಿಬಿಟ್ಟರು. ಕೋಚ್ ಕಣ್ಣು ಅತ್ತ ತಿರುಗಿತು. ಎದುರಾಳಿ ಪಾಳೆಯದಿಂದ ಕೆಲವರು ನೇರವಾಗಿ ರಾಷ್ಟ್ರೀಯ ಶಿಬಿರ ಸೇರಿದರು. ಪ್ರತಿಭೆ ಹುಡುಕುವ ನಮ್ಮ ವ್ಯವಸ್ಥೆಯ ಬಗ್ಗೆ ಇದು ಏನು ಹೇಳುತ್ತದೆ ಎಂಬುದನ್ನು ಓದುಗರಿಗೇ ಬಿಡುತ್ತೇನೆ.

21ರಲ್ಲಿ 8 ಮಂದಿ ಮಣಿಪುರದವರು. ಮೂವತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ಪುಟ್ಟ ರಾಜ್ಯದಿಂದ ತಂಡದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು! ನಾಯಕ ಅಮರ್‌ಜೀತ್ ಸಿಂಗ್ ಕಿಯಾಮ್ ಕೂಡ ಅಲ್ಲಿಯವನೇ, ಜೀಕ್ಸನ್‌ಗೆ ಸೋದರಸಂಬಂಧಿ. ಅವನಿಗೆ ನಾಯಕಪಟ್ಟಿ ಕಟ್ಟಿದ್ದು ಕೋಚ್ ಅಲ್ಲ, ಹುಡುಗರೇ ಮತ ಹಾಕಿ ಆರಿಸಿದ್ದರು. ತಂಡದಲ್ಲಿ ಕೆನಡಾದಲ್ಲಿ ಬೆಳೆದ ಗೋಲ್‌ಕೀಪರ್ ಸನ್ನಿ ಧಾಲಿವಾಲ್, ಅಮೆರಿಕದಲ್ಲಿ ಆಡುತ್ತಿದ್ದ ನಮಿತ್ ದೇಶಪಾಂಡೆ ಕೂಡ ಇದ್ದರು.

ವಯಸ್ಸು ಮರೆಮಾಚಿದವರನ್ನು ಹಿಡಿಯುವುದು ಹೇಗೆ? ಮಣಿಕಟ್ಟಿನ ಎಂಆರ್‌ಐ. ಕೈಯ ಉದ್ದನೆಯ ಎಲುಬಿನ ತುದಿಯಲ್ಲಿ ಬೆಳವಣಿಗೆಗೆಂದು ಇರುವ ಮೃದುವಾದ ಪಟ್ಟಿ 17ರ ಆಸುಪಾಸಿನವರೆಗೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ಸ್ಕ್ಯಾನ್‌ನಲ್ಲಿ ಅದು ಸಂಪೂರ್ಣ ಬೆಸೆದದ್ದು ಕಂಡರೆ ಹುಡುಗ ದೊಡ್ಡವನೆಂದೇ ಅರ್ಥ. ಫಿಫಾ 2009ರ ನೈಜೀರಿಯಾ ಟೂರ್ನಿಯಿಂದ ಇದನ್ನು ಬಳಸುತ್ತಿದೆ. 2017ರ ಟೂರ್ನಿಗೆ 2000ದ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗಷ್ಟೇ ಪ್ರವೇಶ. ಜೀಕ್ಸನ್ ಹುಟ್ಟಿದ್ದು 2001ರ ಜೂನ್‌ನಲ್ಲಿ. ಗೋಲು ಹೊಡೆದಾಗ ಅವನಿಗೆ 16.

ಇಟಲಿಯನ್ನು ನಮ್ಮ ಹುಡುಗರು ಸೋಲಿಸಿದ್ದರು ಎಂದು ಯಾರಾದರೂ ಹೇಳಿದರೆ ತುಸು ತಾಳಿ. 2017ರ ಮೇ ತಿಂಗಳಲ್ಲಿ ‘ಇಟಲಿ ವಿರುದ್ಧ 2–0’ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು, ಅಭಿನಂದನೆಗಳ ಮಳೆಯೇ ಸುರಿಯಿತು. ಆಮೇಲೆ ತಿಳಿದದ್ದು, ಎದುರು ಆಡಿದ್ದು ಇಟಲಿಯ ಅಧಿಕೃತ ರಾಷ್ಟ್ರೀಯ ತಂಡವಲ್ಲ, ಅಲ್ಲಿನ ಕೆಳಗಿನ ದರ್ಜೆಯ ಲೀಗ್ ಕ್ಲಬ್‌ಗಳ ಹುಡುಗರನ್ನು ಕೂಡಿಸಿ ಮಾಡಿದ ತಂಡ. ಗೆದ್ದದ್ದು ಸುಳ್ಳಲ್ಲ, ಹೆಸರು ಮಾತ್ರ ದೊಡ್ಡದಾಗಿತ್ತು.

ಕೋಚ್ ಲೂಯಿಸ್ ನಾರ್ಟನ್ ಡಿ ಮಾಟೋಸ್ ಪೋರ್ಚುಗಲ್‌ನವರು. ಗಿನಿ ಬಿಸಾವ್ ರಾಷ್ಟ್ರೀಯ ತಂಡವನ್ನೂ ಬೆನ್ಫಿಕಾದ ಬಿ ತಂಡವನ್ನೂ ನೋಡಿಕೊಂಡವರು. ಜರ್ಮನಿಯ ನಿಕೊಲಾಯ್ ಆಡಂ ನಿರ್ಗಮಿಸಿದ ಮೇಲೆ 2017ರಲ್ಲಿ ಬಂದ ಅವರಿಗೆ ಸಿಕ್ಕ ಸಮಯ ವರ್ಷಕ್ಕಿಂತ ಎಷ್ಟೋ ಕಡಿಮೆ. ಆಡಂ ಅವರ ಕೈಕೆಳಗೆ ಇದೇ ಪೀಳಿಗೆ 2016ರಲ್ಲಿ ಗೋವಾದಲ್ಲಿ ಏಷ್ಯನ್ 16 ವರ್ಷದೊಳಗಿನವರ ಟೂರ್ನಿ ಆಡಿ, ಸೌದಿ ಅರೇಬಿಯಾ ವಿರುದ್ಧ 3–3 ಡ್ರಾ ಮಾಡಿಕೊಂಡಿತ್ತು. ಅದೇ ವರ್ಷ ಬ್ರಿಕ್ಸ್ ಟೂರ್ನಿಯಲ್ಲಿ ಸಿಕ್ಕಿಂನ ಕೋಮಲ್ ಥಾಟಾಲ್ ಬ್ರೆಜಿಲ್ ವಿರುದ್ಧ ಗೋಲು ಹೊಡೆದಿದ್ದ. ಪಂದ್ಯ 1–3ರಲ್ಲಿ ಸೋತೆವು, ಆದರೆ ಬ್ರೆಜಿಲ್ ವಿರುದ್ಧ ಗೋಲು ಹೊಡೆದ ಭಾರತೀಯರನ್ನು ಎಣಿಸಲು ಒಂದು ಕೈಯ ಬೆರಳೇ ಹೆಚ್ಚು.

ಎದುರಾಳಿ ಹುಡುಗರು ಯಾರ‍್ಯಾರೆಂದು ಗೊತ್ತೇ? ಅಮೆರಿಕ ತಂಡದಲ್ಲಿದ್ದ ಟಿಮ್ ವಿಯಾ, ಆಫ್ರಿಕಾದ ದಂತಕಥೆ ಜಾರ್ಜ್ ವಿಯಾ ಅವರ ಮಗ. ಮಗ ಭಾರತದಲ್ಲಿ ಆಡುತ್ತಿದ್ದ ಅದೇ ತಿಂಗಳು ಅಪ್ಪ ಲೈಬೀರಿಯಾದ ಅಧ್ಯಕ್ಷ ಚುನಾವಣೆಯಲ್ಲಿ ಕಣಕ್ಕಿಳಿದಿದ್ದರು, ಮುಂದೆ ಗೆದ್ದು ಅಧ್ಯಕ್ಷರೂ ಆದರು. ದೆಹಲಿಯಲ್ಲಿ ಪರಾಗ್ವೆ ವಿರುದ್ಧ ಅಮೆರಿಕ 5–0ರಲ್ಲಿ ಗೆದ್ದಾಗ ಟಿಮ್ ಹ್ಯಾಟ್ರಿಕ್ ಹೊಡೆದ. ಐದು ವರ್ಷದ ನಂತರ ಕತಾರ್‌ನ ದೊಡ್ಡ ವಿಶ್ವಕಪ್‌ನಲ್ಲಿ ವೇಲ್ಸ್ ವಿರುದ್ಧವೂ ಗೋಲು ಹೊಡೆದ. ಸಾರ್ಜೆಂಟ್, ಸೆರ್ಜಿನೊ ಡೆಸ್ಟ್ ಕೂಡ ಆ ತಂಡದಲ್ಲಿದ್ದರು. ದೆಹಲಿಯ ಮೈದಾನದಲ್ಲಿ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಎತ್ತರ. ಐದು ವರ್ಷದ ಮೇಲೆ ಅವರು ಎಲ್ಲಿ, ನಾವು ಎಲ್ಲಿ ಎಂಬ ಅಂತರಕ್ಕೆ ಕಾರಣ ಆ 90 ನಿಮಿಷದಲ್ಲಿಲ್ಲ. 17ರಿಂದ 21ರ ನಡುವೆ ವಾರಕ್ಕೊಂದು ಗಟ್ಟಿ ಪಂದ್ಯ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದರಲ್ಲಿದೆ.

ಬಾರದವರ ಪಟ್ಟಿಯೂ ಸ್ವಾರಸ್ಯದ್ದೇ. ಬ್ರೆಜಿಲ್‌ನ ವಿನಿಸಿಯಸ್ ಜೂನಿಯರ್ ಬರಬೇಕಿತ್ತು, ಫ್ಲಮೆಂಗೊ ಕ್ಲಬ್ ಬಿಡಲಿಲ್ಲ. ಇಂಗ್ಲೆಂಡ್‌ನ ಜೇಡನ್ ಸ್ಯಾಂಚೊ ಬಂದ, ಆದರೆ ಗುಂಪು ಹಂತ ಮುಗಿದೊಡನೆ ಡಾರ್ಟ್‌ಮಂಡ್ ಕ್ಲಬ್ ವಾಪಸ್ ಕರೆಸಿಕೊಂಡಿತು.

ಅವನಿಲ್ಲದೆಯೂ ಇಂಗ್ಲೆಂಡ್ ಕಪ್ ಎತ್ತಿತು. ಕೋಲ್ಕತ್ತದ ಫೈನಲ್‌ನಲ್ಲಿ ಸ್ಪೇನ್ ಎದುರು 0–2ರಿಂದ ಹಿಂದೆ ಬಿದ್ದು, ಕೊನೆಗೆ 5–2ರಲ್ಲಿ ಗೆದ್ದರು. ಎರಡು ಗೋಲು ಹೊಡೆದ ಫಿಲ್ ಫೋಡನ್ ಟೂರ್ನಿಯ ಶ್ರೇಷ್ಠ ಆಟಗಾರನಾದ. ಎಂಟು ಗೋಲು ಹೊಡೆದ ರಿಯಾನ್ ಬ್ರೂಸ್ಟರ್‌ಗೆ ಚಿನ್ನದ ಬೂಟು ಸಿಕ್ಕಿತು. ಅವನು ಕ್ವಾರ್ಟರ್‌ಫೈನಲ್‌ನಲ್ಲೂ ಸೆಮಿಫೈನಲ್‌ನಲ್ಲೂ ಹ್ಯಾಟ್ರಿಕ್ ಬಾರಿಸಿದ್ದ.

ಬ್ರೆಜಿಲ್–ಇಂಗ್ಲೆಂಡ್ ಸೆಮಿಫೈನಲ್ ನಡೆಯಬೇಕಿದ್ದದ್ದು ಗುವಾಹಟಿಯಲ್ಲಿ. ಮಳೆಗೆ ಅಲ್ಲಿನ ಅಂಗಳ ಕೆಸರಾಗಿ, ಪಂದ್ಯವನ್ನು ಕಡೇ ಗಳಿಗೆಯಲ್ಲಿ ಕೋಲ್ಕತ್ತಕ್ಕೆ ಸಾಗಿಸಿದರು. ಇಷ್ಟು ಕಡಿಮೆ ಸಮಯದಲ್ಲಿ ಯಾರು ಬರುತ್ತಾರೆ ಎನ್ನುವಷ್ಟರಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ 60 ಸಾವಿರಕ್ಕೂ ಹೆಚ್ಚು ಜನ ಬಂದು ಕೂತರು. ಕೋಲ್ಕತ್ತದವರಿಗೆ ಬ್ರೆಜಿಲ್ ಅಂದರೆ ಮನೆಯ ತಂಡವೇ ಬಿಡಿ.

ಇಡೀ ಟೂರ್ನಿಗೆ ಬಂದ ಪ್ರೇಕ್ಷಕರು 13,47,133. ಈ ವಯೋಮಾನದ ವಿಶ್ವಕಪ್‌ಗಳಲ್ಲಿ ಅಲ್ಲಿಯವರೆಗಿನ ದಾಖಲೆ ಅದು. 1985ರಿಂದ ಚೀನಾದ ಹೆಸರಿನಲ್ಲಿದ್ದುದನ್ನು ಮುರಿದೆವು. 52 ಪಂದ್ಯಗಳಲ್ಲಿ 183 ಗೋಲು ಬಂದವು, ಅದೂ ದಾಖಲೆ. ನಮ್ಮ ಕೊಡುಗೆ ಒಂದು ಗೋಲು ಮತ್ತು ಲಕ್ಷಗಟ್ಟಲೆ ಚಪ್ಪಾಳೆ.

ಪುರುಷರ ಫಿಫಾ ಟೂರ್ನಿಯ ಪಂದ್ಯಕ್ಕೆ ಮೊದಲ ಬಾರಿ ಮಹಿಳೆಯೊಬ್ಬರು ಮುಖ್ಯ ರೆಫ್ರಿಯಾದದ್ದು ಭಾರತದ ನೆಲದಲ್ಲೇ. 2017ರ ಅಕ್ಟೋಬರ್ 14, ಕೋಲ್ಕತ್ತ, ಜಪಾನ್–ನ್ಯೂ ಕ್ಯಾಲೆಡೋನಿಯಾ ಪಂದ್ಯ, ಶಿಳ್ಳೆ ಸ್ವಿಟ್ಜರ್ಲೆಂಡಿನ ಎಸ್ತರ್ ಸ್ಟೌಬ್ಲಿ ಅವರ ಕೈಯಲ್ಲಿ.

ಲಾಂಛನದ ಪ್ರಾಣಿ ಖೇಲಿಯೋ, ನಮ್ಮ ಈಶಾನ್ಯದ ಕಾಡುಗಳ ಮೋಡಚಿರತೆ. ತಂಡದ ಅರ್ಧದಷ್ಟು ಹುಡುಗರೂ ಆ ಕಡೆಯವರೇ ಆದ್ದರಿಂದ ಆಯ್ಕೆ ಸರಿಯಾಗಿಯೇ ಇತ್ತು.

ವಿಶ್ವಕಪ್ ಮುಗಿದ ಮೇಲೆ ಹುಡುಗರನ್ನು ಚದುರಲು ಬಿಡದೆ ‘ಇಂಡಿಯನ್ ಆ್ಯರೋಸ್’ ಹೆಸರಿನಲ್ಲಿ ಐ-ಲೀಗ್‌ಗೆ ಇಳಿಸಿದರು. ಎದುರು ಮೀಸೆ ಬಲಿತ ವೃತ್ತಿಪರರು. ಮೊದಲ ಪಂದ್ಯದಲ್ಲೇ ಚೆನ್ನೈ ಸಿಟಿಯನ್ನು 3–0 ಸೋಲಿಸಿದರು, ಅನಿಕೇತ್ ಜಾಧವ್ ಎರಡು, ಬೋರಿಸ್ ಸಿಂಗ್ ಒಂದು. ಶಿಲ್ಲಾಂಗ್ ಲಾಜೊಂಗ್ ವಿರುದ್ಧ ನೊಂಗ್‌ದಂಬಾ ನವೊರೆಮ್ ಡಿಫೆಂಡರ್‌ಗಳ ಒಂದು ಹಿಂಡನ್ನೇ ದಾಟಿ ಹೊಡೆದ ಗೋಲಿನ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಸಿಕ್ಕರೆ ಇಂದೇ ನೋಡಿ.

ಈಗ ಒಂದು ದೊಡ್ಡ ಕೌತುಕ. 2018ರ ಆಗಸ್ಟ್‌ನಲ್ಲಿ ಸ್ಪೇನಿನ ವೆಲೆನ್ಸಿಯಾ ಬಳಿಯ ಕೋಟಿಫ್ ಟೂರ್ನಿಯಲ್ಲಿ ಭಾರತದ 20 ವರ್ಷದೊಳಗಿನವರ ತಂಡ ಅರ್ಜೆಂಟೀನಾವನ್ನು 2–1ರಲ್ಲಿ ಸೋಲಿಸಿತು. ಭಾರತದ ಕೋಚ್ ಫ್ಲಾಯ್ಡ್ ಪಿಂಟೊ. ನಾಲ್ಕನೇ ನಿಮಿಷದಲ್ಲಿ ದೀಪಕ್ ತಾಂಗ್ರಿ, 68ರಲ್ಲಿ ಅನ್ವರ್ ಅಲಿ, ಅದೂ ನೇರ ಫ್ರೀ ಕಿಕ್‌ನಿಂದ. ಅನಿಕೇತ್ ಕೆಂಪು ಕಾರ್ಡ್ ಪಡೆದು ಹೊರಗೆ ಹೋದ್ದರಿಂದ ನಮ್ಮವರು ಉಳಿದದ್ದು ಹತ್ತೇ ಮಂದಿ. ಇಲ್ಲಿವರೆಗಿನದು ಹಲವರಿಗೆ ಗೊತ್ತು. ಅಂದು ಅರ್ಜೆಂಟೀನಾದ ಬೆಂಚಿನಲ್ಲಿ ಕೋಚ್ ಆಗಿ ಕೂತಿದ್ದವರು ಯಾರು? ಲಿಯೊನೆಲ್ ಸ್ಕಾಲೋನಿ. 2022ರಲ್ಲಿ ಮೆಸ್ಸಿಯ ಕೈಗೆ ವಿಶ್ವಕಪ್ ಕೊಡಿಸಿದವರು. ಭಾರತದ ಕೈಯಲ್ಲಿ ಸೋತರೂ ಆ ಟೂರ್ನಿಯನ್ನು ಗೆದ್ದದ್ದು ಅವರ ತಂಡವೇ.

ಫ್ರೀ ಕಿಕ್ ಹೊಡೆದ ಅದೇ ಅನ್ವರ್ ಅಲಿಗೆ 2019ರಲ್ಲಿ ಹೃದಯದ ತೊಂದರೆ ಇರುವುದು ಪತ್ತೆಯಾಯಿತು. ಆಡಬಾರದೆಂದು ಫೆಡರೇಷನ್ ತಡೆಯಿತು, ಅವನು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ. ಮರಳಿ ಬಂದು ಗೋವಾ ತಂಡ ಸೇರಿದ, ಹಿರಿಯರ ರಾಷ್ಟ್ರೀಯ ತಂಡಕ್ಕೂ ಬಂದ. 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಹಾಂಗ್‌ಕಾಂಗ್ ವಿರುದ್ಧ ಏಷ್ಯನ್ ಕಪ್ ಅರ್ಹತಾ ಪಂದ್ಯದ ಎರಡನೇ ನಿಮಿಷದಲ್ಲೇ ಗೋಲು ಹೊಡೆದ. ಆ 21 ಹುಡುಗರ ಕಥೆಗಳಲ್ಲಿ ಸಿನಿಮಾ ಮಾಡುವಂಥದ್ದು ಒಂದಿದ್ದರೆ ಇದೇ.

ಉಳಿದವರೂ ಕರಗಿಹೋಗಲಿಲ್ಲ. ಸುರೇಶ್ ಸಿಂಗ್ ವಾಂಗ್‌ಜಮ್ 2019ರಲ್ಲಿ ಬೆಂಗಳೂರು ಎಫ್‌ಸಿ ಸೇರಿ, ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯವರಿಗೆ ತೀರಾ ಪರಿಚಿತ ಮುಖವಾದ. 2021ರ ಸ್ಯಾಫ್ ಫೈನಲ್‌ನಲ್ಲಿ ನೇಪಾಳ ವಿರುದ್ಧ ಗೋಲು ಹೊಡೆದ. 2017ರಲ್ಲಿ ಧೀರಜ್‌ನ ಹಿಂದೆ ಬೆಂಚಿನಲ್ಲಿ ಕೂತಿದ್ದ ಪ್ರಭ್‌ಸುಖನ್ ಗಿಲ್ 2021–22ರ ಐಎಸ್‌ಎಲ್‌ನಲ್ಲಿ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಪಡೆದ. ಮಿಜೋರಂನ ಲಾಲೆಂಗ್‌ಮಾವಿಯಾ, ಅಭಿಮಾನಿಗಳ ಬಾಯಲ್ಲಿ ‘ಅಪುಯಾ’, ಹಿರಿಯರ ತಂಡದ ಮಿಡ್‌ಫೀಲ್ಡ್‌ನಲ್ಲಿ ಜೀಕ್ಸನ್‌ನ ಜೊತೆಗಾರನಾದ.

ಏಷ್ಯಾ ಮಟ್ಟದಲ್ಲಿ ಭಾರತದ ಕಿರಿಯರು ಪ್ರಶಸ್ತಿ ಗೆದ್ದದ್ದೂ ಉಂಟು, 1974ರಲ್ಲಿ. ಬ್ಯಾಂಕಾಕ್‌ನ ಏಷ್ಯನ್ ಯೂತ್ ಫೈನಲ್ ಇರಾನ್ ವಿರುದ್ಧ 2–2 ಡ್ರಾ ಆಗಿ ಜಂಟಿ ಚಾಂಪಿಯನ್ ಪಟ್ಟ ಸಿಕ್ಕಿತು. ನಾಯಕ ಶಬ್ಬೀರ್ ಅಲಿ.

ಹುಡುಗಿಯರ ಸರದಿ ಬಂದದ್ದು 2022ರಲ್ಲಿ, ಆಗಲೂ ಆತಿಥೇಯರಾಗಿಯೇ. 2020ರಲ್ಲಿ ನಡೆಯಬೇಕಿದ್ದ ಟೂರ್ನಿಯನ್ನು ಕೋವಿಡ್ ಮುಂದೂಡಿಸಿತು. ಟೂರ್ನಿಗೆ ಎರಡು ತಿಂಗಳಿಗೂ ಕಡಿಮೆ ಇದ್ದಾಗ ಫಿಫಾ ನಮ್ಮ ಫೆಡರೇಷನನ್ನೇ ನಿಷೇಧಿಸಿ, ಕೆಲವು ದಿನಗಳಲ್ಲಿ ತೆರವು ಮಾಡಿತು. ದೊಡ್ಡವರ ಆ ಗದ್ದಲದ ನಡುವೆ ಅಭ್ಯಾಸ ಮಾಡಿದ ಹುಡುಗಿಯರು ಅಮೆರಿಕಕ್ಕೆ 0–8, ಮೊರೊಕ್ಕೊಗೆ 0–3, ಬ್ರೆಜಿಲ್‌ಗೆ 0–5 ಸೋತರು. ನಾಯಕಿ ಜಾರ್ಖಂಡ್‌ನ ಅಸ್ತಮ್ ಓರಾಂವ್.

ಆತಿಥೇಯರಾಗದೆ, ಆಡಿಯೇ ವಿಶ್ವಕಪ್ ಸೇರುವುದಕ್ಕೆ ಈ ವಯಸ್ಸಿನ ಹುಡುಗರು ಎಷ್ಟು ಹತ್ತಿರ ಹೋಗಿದ್ದರು ಗೊತ್ತೇ? ಒಂದೇ ಪಂದ್ಯದಷ್ಟು. 2018ರಲ್ಲಿ ಮಲೇಷ್ಯಾದಲ್ಲಿ ನಡೆದ ಏಷ್ಯನ್ 16 ವರ್ಷದೊಳಗಿನವರ ಟೂರ್ನಿಯಲ್ಲಿ ಬಿಬಿಯಾನೊ ಫರ್ನಾಂಡಿಸ್ ಅವರ ತಂಡ ವಿಯೆಟ್ನಾಂ ವಿರುದ್ಧ 1–0 ಗೆದ್ದು, ಇರಾನ್ ಮತ್ತು ಇಂಡೊನೇಷ್ಯಾ ವಿರುದ್ಧ ಗೋಲಿಲ್ಲದ ಡ್ರಾ ಮಾಡಿಕೊಂಡಿತು. ಗುಂಪು ಹಂತದಲ್ಲಿ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 0–1. ಗೆದ್ದಿದ್ದರೆ ಸೆಮಿಫೈನಲ್, ಸೆಮಿಫೈನಲ್ ಸೇರಿದ ನಾಲ್ವರಿಗೆ 2019ರ ವಿಶ್ವಕಪ್ ಟಿಕೆಟ್. 2017ರ ತಂಡಕ್ಕೆ ಸಿಕ್ಕ ಪ್ರಚಾರದ ಹತ್ತನೇ ಒಂದು ಪಾಲೂ ಈ ತಂಡಕ್ಕೆ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ಫಲಿತಾಂಶದಿಂದ ಅಳೆದರೆ ಇದೇ ಹೆಚ್ಚಿನ ತಂಡ.

2025ರಿಂದ ಈ ವಿಶ್ವಕಪ್‌ನಲ್ಲಿ ತಂಡಗಳ ಸಂಖ್ಯೆ 24ರಿಂದ 48ಕ್ಕೆ ಏರಿದೆ. ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದದ್ದು ಪ್ರತಿವರ್ಷದ್ದಾಗಿದೆ, ಐದು ಆವೃತ್ತಿಗಳು ಸತತವಾಗಿ ಕತಾರ್‌ನಲ್ಲಿ. ಏಷ್ಯಾದ ಪಾಲೂ ದುಪ್ಪಟ್ಟಾಗಿದೆ, 2025ರಲ್ಲಿ ಏಷ್ಯನ್ ಟೂರ್ನಿಯ ಕ್ವಾರ್ಟರ್‌ಫೈನಲ್ ಸೇರಿದ ಎಂಟೂ ತಂಡಗಳಿಗೆ ವಿಶ್ವಕಪ್ ಸಿಕ್ಕಿತು. ಬಿಬಿಯಾನೊ ಹುಡುಗರು ಕ್ವಾರ್ಟರ್‌ಫೈನಲ್ ಆಡಿದ್ದು ಆ ನಿಯಮ ಬರುವುದಕ್ಕೆ ಏಳು ವರ್ಷ ಮುಂಚೆ.